ಕುಸುಮಕ್ಕನ ನಾಲಿಗೆ, ಸೀಲು ಬಿದ್ದ ಯಂತ್ರ

ಮೈಸೂರಿನ ನಮ್ಮ ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ಈಗಲೂ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುತ್ತಾರೆ. ಈ ಸಲ ಅದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಜವಾನ ಕೆಂಪು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದ. ಅದು ಕರಗಿ ಗಂಟಿನ ಮೇಲೆ ತೊಟ್ಟಿಕ್ಕಿತು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮುಖ ತಿರುಗಿಸಿ ಹಿಂದೆ ಸರಿದೆ. ಜವಾನ, "ಹುಷಾರಿಲ್ವಾ ಮೇಡಂ?" ಎಂದು ಕೇಳಿ ಕುರ್ಚಿ ಎಳೆದುಕೊಟ್ಟ. ನಾನು ಹುಷಾರಾಗಿಯೇ ಇದ್ದೆ. ಬಂದದ್ದು ಸಿಟ್ಟು. ವರ್ಷಗಳು ಕಳೆದರೂ ಒಂದಿಷ್ಟೂ ತಣ್ಣಗಾಗದ ಸಿಟ್ಟು.

ಹಲವು ವರ್ಷಗಳ ಹಿಂದೆ ಒಂದು ಮಳೆಗಾಲವನ್ನು ನಾನು ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಳೆದೆ. ಆಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದೆ. ನಾನು ಮತ್ತು ನನ್ನ ಪ್ರೊಫೆಸರ್ ಸೇರಿ ಕಟ್ಟಿದ ಯಂತ್ರವೊಂದನ್ನು ಪ್ರಯೋಗಾಲಯದ ಹೊರಗೆ, ನಿಜವಾದ ರೋಗಿಗಳ ಮೇಲೆ ಪರೀಕ್ಷಿಸುವುದು ನನ್ನ ಕೆಲಸ. ಕಟ್ಟಿದ್ದು ಇಬ್ಬರೂ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ. ಸ್ಕ್ರೂಡ್ರೈವರ್ ಹಿಡಿದವಳು ನಾನೊಬ್ಬಳೇ.

ಯಂತ್ರ ಏನು ಮಾಡುತ್ತಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಡೆದದ್ದೆಲ್ಲ ಅದನ್ನು ಅರ್ಥಮಾಡಿಕೊಳ್ಳಲು ಯಾರೂ ಐದು ನಿಮಿಷ ಕೊಡದೆ ಹೋದದ್ದರಿಂದ ನಡೆಯಿತು. ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲರಿಗೂ ಗೊತ್ತು. ಕಿವಿಗೆ ಕೇಳದಷ್ಟು ತಾರಕದ ಶಬ್ದವನ್ನು ಮೈಯೊಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತಾರೆ. ಶಬ್ದ ಇನ್ನಷ್ಟು ತಾರಕಕ್ಕೆ ಏರಿದರೆ ಚಿತ್ರವೂ ಅಷ್ಟು ಸೂಕ್ಷ್ಮವಾಗುತ್ತದೆ. ಆದರೆ ಅಂಥ ಶಬ್ದ ಆಳಕ್ಕೆ ಇಳಿಯುವುದಿಲ್ಲ, ಚರ್ಮದ ಕೆಳಗೆ ಒಂದೆರಡು ಕಾಳುಮೆಣಸಿನಷ್ಟು ದೂರ ಹೋಗಿ ಸುಸ್ತಾಗಿಬಿಡುತ್ತದೆ. ಮಾಮೂಲಿ ಯಂತ್ರಗಳಲ್ಲಿ ಶಬ್ದ ಹುಟ್ಟಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಒಂದು ಬಗೆಯ ಹರಳನ್ನು ಬಳಸುತ್ತಾರೆ. ಅದನ್ನು ಬಾಯೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಹೊರಟರೆ ಅದರ ಕಿವಿ ಮಂದವಾಗುತ್ತದೆ. ಹಾಗಾಗಿ ನಾವು ಆ ಕೆಲಸವನ್ನು ಬೆಳಕಿಗೆ ಒಪ್ಪಿಸಿದೆವು. ಕೂದಲೆಳೆಯಂಥ ಗಾಜಿನ ತಂತಿಯ ತುದಿಗೆ ಕಪ್ಪು ಲೇಪ. ಲೇಸರಿನ ಒಂದು ಮಿಂಚು ಬಡಿದರೆ ಆ ಲೇಪ ಬಿಸಿಯಾಗಿ, ಹಿಗ್ಗಿ, ಸೂಜಿಯಷ್ಟು ಚೂಪಾದ ಶಬ್ದವೊಂದನ್ನು ಹೊರಡಿಸುತ್ತದೆ. ಪಕ್ಕದ ಇನ್ನೊಂದು ತಂತಿಯ ತುದಿಯಲ್ಲಿ ಎರಡು ಪುಟಾಣಿ ಕನ್ನಡಿಗಳು, ನಡುವೆ ತೆಳ್ಳನೆಯ ಪೊರೆ. ಪ್ರತಿಧ್ವನಿ ಬಂದು ಪೊರೆಯನ್ನು ಒತ್ತಿದಾಗ ಕನ್ನಡಿಗಳ ನಡುವಿನ ಅಂತರ ಹೇಳಲಾರದಷ್ಟು ಸ್ವಲ್ಪ ಬದಲಾಗುತ್ತದೆ. ಅಲ್ಲಿಂದ ತಿರುಗಿ ಬರುವ ಬೆಳಕು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಏರಿಳಿತವನ್ನು ಓದಿದರೆ ಚಿತ್ರ ಸಿಗುತ್ತದೆ. ಬಾಯೊಳಗೆ ಹೋಗುವುದು ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ, ಅಷ್ಟೇ.

ಗೋಣಿಕೊಪ್ಪಲಿನ ಮುಖ್ಯರಸ್ತೆಯಿಂದ ಒಳಗೆ, ಒಂದು ಕಾಫಿ ಗೋದಾಮಿನ ಹಿಂದೆ, ಡಾಕ್ಟರ್ ಪೂವಯ್ಯನವರ ಕ್ಲಿನಿಕ್ ಇತ್ತು. ಬಾಯಿಯ ರೋಗಗಳ ಡಾಕ್ಟರು. ಅರವತ್ತು ದಾಟಿದ ಕೊಡವರು. ಜೋರು ದನಿ. ಎಲೆ ಅಡಿಕೆ ಹೊಗೆಸೊಪ್ಪು ತಿಂದು ಬಾಯಿ ಕೆಡಿಸಿಕೊಂಡ ಎಸ್ಟೇಟ್ ಕೆಲಸಗಾರರನ್ನು ಬೈದು ಬೈದೇ ನೋಡುತ್ತಿದ್ದರು. ನನ್ನ ಯಂತ್ರಕ್ಕೆ ಹಿಂದಿನ ಕೋಣೆ ಬಿಟ್ಟುಕೊಟ್ಟರು. ರೋಗಿಗಳಿಗೆ ಅದನ್ನು ಅವರು ವಿವರಿಸುತ್ತಿದ್ದ ರೀತಿ ನನ್ನ ಎಲ್ಲ ಸೂತ್ರಗಳಿಗಿಂತ ಚೆನ್ನಾಗಿತ್ತು.

"ಆನೆ ಘೀಳಿಟ್ರೆ ಎರಡು ತೋಟದಾಚೆ ಕೇಳ್ತದೆ, ಅಲ್ವಾ? ಸೊಳ್ಳೆದು ಕಿವಿ ಹತ್ರ ಬಂದ್ರೆ ಮಾತ್ರ. ಹೊಟ್ಟೆ ಸ್ಕ್ಯಾನಿಂಗು ಆನೆ. ಇದು ಸೊಳ್ಳೆ. ಹತ್ತಿರದ್ದು ಮಾತ್ರ ನೋಡ್ತದೆ. ಆದ್ರೆ ಸರಿ ನೋಡ್ತದೆ."

ಬೆಂಗಳೂರಿನ ತಣ್ಣನೆಯ ಪ್ರಯೋಗಾಲಯದಲ್ಲಿ ಸಾಧುವಾಗಿದ್ದ ಯಂತ್ರ ಗೋಣಿಕೊಪ್ಪಲಿನ ಜೂನ್ ತಿಂಗಳಿಗೆ ಹಟ ಹಿಡಿಯಿತು. ಗೋಡೆ ಬೆವರುತ್ತಿತ್ತು. ಮಸೂರಗಳ ಮೇಲೆ ಬೂಷ್ಟು ಕೂರುತ್ತಿತ್ತು. ತೇವ ಹೀರಿದ ಪೊರೆ ಉಬ್ಬಿ ಕನ್ನಡಿಗಳ ಅಂತರ ತಪ್ಪುತ್ತಿತ್ತು, ನಾನು ಪ್ರತಿ ಸಲವೂ ಲೇಸರಿನ ಬಣ್ಣವನ್ನು ಹೊಂದಿಸಿಕೊಳ್ಳಬೇಕಾಗುತ್ತಿತ್ತು. ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಕಡೆಗೆ ಮರದ ಕಪಾಟೊಂದರೊಳಗೆ ಹಳೆಯ ಕಾಲದ ಬಲ್ಬು ಉರಿಸಿ, ಆ ಬಿಸಿಯಲ್ಲಿ ಕಡ್ಡಿಗಳನ್ನೂ ಮಸೂರಗಳನ್ನೂ ಇಟ್ಟೆ. ಯಂತ್ರ ದಾರಿಗೆ ಬಂತು. ದಿನವೂ ನಾಲ್ಕಾರು ಮಂದಿ ಬಂದು ಬಾಯಿ ತೆರೆಯತೊಡಗಿದರು.

ಕುಸುಮಕ್ಕ ಬಂದದ್ದು ಹಾಗೆ. ಊರಿನಿಂದ ಸ್ವಲ್ಪ ದೂರದ ಎಸ್ಟೇಟೊಂದರಲ್ಲಿ ಅವರು ರೈಟರ್. ಬೆಳಿಗ್ಗೆ ಕೆಲಸಗಾರರ ಹೆಸರು ಕೂಗಿ ಹಾಜರಿ ಹಿಡಿದು, ಯಾರು ಯಾವ ತೋಟಕ್ಕೆ ಎಂದು ಹಂಚುವ ಕೆಲಸ. ಹೆಂಗಸರು ಆ ಕೆಲಸದಲ್ಲಿ ಕಡಿಮೆ. ತವರು ಕರಿಕೆ, ಮನೆಮಾತು ಅರೆಭಾಷೆ. ವಯಸ್ಸು ಐವತ್ತಕ್ಕೆ ಹತ್ತಿರ. ಕೆಲಸದ ಸಮಯದಲ್ಲಿ ಒಮ್ಮೆ ನಾನು ಅವರನ್ನು ನೋಡಲು ಹೋಗಿದ್ದೆ. ಪ್ಲಾಸ್ಟಿಕ್ ಹೊದ್ದು ಮಳೆಯಲ್ಲಿ ನಿಂತಿದ್ದ ಕೆಲಸಗಾರರ ಗುಂಪಿನ ಮುಂದೆ ಕುಸುಮಕ್ಕ ಒಂದೇ ಉಸಿರಿನಲ್ಲಿ ತಮಿಳಿನಲ್ಲಿ ಬೈದು, ಮಲಯಾಳದಲ್ಲಿ ನಗಿಸಿ, ಅಸ್ಸಾಮಿನ ಹುಡುಗರಿಗೆ ತಮ್ಮದೇ ಒಂದು ಹಿಂದಿಯಲ್ಲಿ ದಾರಿ ತೋರಿಸಿ, ಜೀಪಿನಿಂದ ಇಳಿದ ಮಾಲೀಕರಿಗೆ ಕೊಡವ ತಕ್ಕ್‌ನಲ್ಲಿ ಉತ್ತರ ಕೊಟ್ಟರು. ನನ್ನ ಕಡೆ ತಿರುಗಿದಾಗ ಕನ್ನಡ. ಒಂದು ಹೆಸರೂ ತಪ್ಪಲಿಲ್ಲ, ಒಂದು ಮಾತೂ ತೊಡರಲಿಲ್ಲ. ಇಷ್ಟೂ ಭಾಷೆಗಳು ಓಡಾಡುತ್ತಿದ್ದ ಆ ನಾಲಿಗೆಯ ಎಡ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಇತ್ತು. ಅದರ ನಡುವೆ ಚಿಕ್ಕ ಹುಣ್ಣು.

ಪೂವಯ್ಯನವರು ನೋಡಿದವರೇ, "ಒಂದು ಚೂರು ಕತ್ತರಿಸಿ ಟೆಸ್ಟಿಗೆ ಕಳಿಸ್ಬೇಕು ಕುಸುಮ," ಎಂದರು.

"ಕತ್ತಿ ಮುಟ್ಟಿಸೂಕೆ ಇಲ್ಲ ಡಾಕ್ಟ್ರೇ."

"ಯಾಕೆ?"

"ನನ್ನ ಅಕ್ಕಂಗೆ ಹೀಗೇ ಟೆಸ್ಟು ಅಂತ ಕತ್ತರಿಸಿದ್ರು. ಆಮೇಲೆ ಅವಳು ಮುಂದಿನ ಮಳೆ ನೋಡ್ಲಿಲ್ಲ."

ಅಕ್ಕನಿಗೆ ರೋಗ ಮೊದಲೇ ಬೆಳೆದಿತ್ತು, ಕತ್ತರಿಸಿದ್ದರಿಂದ ಸತ್ತದ್ದಲ್ಲ ಎಂದು ಪೂವಯ್ಯನವರು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಡಾಕ್ಟರು ಟೇಬಲ್ ಗುದ್ದಿದರು. ಕುಸುಮಕ್ಕ ಎದ್ದು ಹೊರಟರು. ಆಗ ನಾನು, "ಕತ್ತರಿ ಬೇಡ, ಸುಮ್ಮನೆ ಒಂದು ಕಡ್ಡಿ ತಾಗಿಸಿ ನೋಡ್ತೇನೆ, ಆಗಬಹುದಾ?" ಎಂದೆ. ಅವರು ಬಾಗಿಲಲ್ಲೇ ನಿಂತು ಯೋಚಿಸಿ, ಬಾಯಿಗೆ ಹಾಕಿಕೊಂಡಿದ್ದ ಹೊಗೆಸೊಪ್ಪನ್ನು ಹೊರಗೆ ಉಗಿದು ಬಂದು ಕೂತರು.

ಪರದೆಯ ಮೇಲೆ ಅವರ ನಾಲಿಗೆಯ ಒಳಗು ಮೂಡಿತು. ಮೇಲಿನ ಪದರ, ಅದರ ಕೆಳಗಿನ ಮಾಂಸ, ಎರಡರ ನಡುವೆ ಸಣ್ಣಗೆ ಬೆಳಗುವ ಒಂದು ಗೆರೆ. ಮಚ್ಚೆಯಿದ್ದಲ್ಲಿ ಮೇಲಿನ ಪದರ ದಪ್ಪವಾಗಿ ಕಪ್ಪಾಗಿತ್ತು. ಆದರೆ ಗೆರೆ ಉಳಿದಿತ್ತು. ಒಂದೆಡೆ ಕೆಳಕ್ಕೆ ಜಗ್ಗಿದ್ದರೂ ತುಂಡಾಗಿರಲಿಲ್ಲ. ಕೆಡುಕು ಇನ್ನೂ ಆ ಗೆರೆಯ ಮೇಲೇ ಇದೆ ಎಂಬುದು ಅದರ ಅರ್ಥ. ಈಗ ತೆಗೆದರೆ ಹೋಗುವುದು ಉಗುರಿನಷ್ಟು ನಾಲಿಗೆ. ಗೆರೆ ಒಡೆದು ಕೆಳಗಿಳಿದರೆ ಲೆಕ್ಕವೇ ಬೇರೆ, ಆಮೇಲೆ ಕುತ್ತಿಗೆಯವರೆಗೂ ಕತ್ತರಿಸಬೇಕಾಗುತ್ತದೆ. ನಾನು ಬೆರಳಿಟ್ಟು ತೋರಿಸಿ ಇಷ್ಟನ್ನೂ ಹೇಳಿದೆ. ಕುಸುಮಕ್ಕ ಪರದೆಯ ಹತ್ತಿರಕ್ಕೆ ಮುಖ ತಂದು ಬಹಳ ಹೊತ್ತು ನೋಡಿದರು.

"ಈ ಗೆರೆ ಉಂಟಲ್ಲ ತಂಗಿ, ಇದು ಗಟ್ಟಿ ಇರೂವರೆಗೆ ನನ್ನನ್ನ ಬಿಡಿ. ತುಂಡಾಗೂಕೆ ಶುರು ಆಯ್ತು ಅಂತ ನೀನು ತೋರಿಸಿದ ದಿನ ನಾನೇ ಮೈಸೂರಿನ ಆಸ್ಪತ್ರೆಗೆ ಹೋಗಿ ಮಲಗ್ತೇನೆ. ಮಾತು ಅಂದ್ರೆ ಮಾತು."

ಪೂವಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೂ ಬೇರೆ ದಾರಿ ಇರಲಿಲ್ಲ. ಎರಡು ವಾರಕ್ಕೊಮ್ಮೆ ಬಂದು ತೋರಿಸಬೇಕು, ಹೊಗೆಸೊಪ್ಪು ಬಿಡಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಕುಸುಮಕ್ಕ ಎರಡನ್ನೂ ನಡೆಸಿದರು. ಮುಂದಿನ ಸಲ ಗೆರೆ ಹಾಗೆಯೇ ಇತ್ತು. ಅದರ ಮುಂದಿನ ಸಲ ಸ್ವಲ್ಪ ಮಸುಕಾಗಿತ್ತು. "ಇನ್ನೊಂದು ಸಲ ನೋಡಿ ಆಮೇಲೆ ಹೊರಡಬೇಕಾಗಬಹುದು ಕುಸುಮಕ್ಕ," ಎಂದೆ. ಅವರು ತಲೆಯಾಡಿಸಿದರು. ಗಂಡ ಬೆಳ್ಯಪ್ಪ ಪಕ್ಕದ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದ. ಅವನಿಗೆ ರಜೆ ಕೇಳಿಡಲು ಹೇಳುತ್ತೇನೆ ಎಂದರು.

ಆ ಇನ್ನೊಂದು ಸಲ ಬರಲಿಲ್ಲ.

ನಮ್ಮ ಪ್ರೊಫೆಸರರಿಗೆ ಪತ್ರಿಕೆಯಲ್ಲಿ ಹೆಸರು ಬರುವುದೆಂದರೆ ಪ್ರಾಣ. ನನಗೆ ಹೇಳದೆ ಕೇಳದೆ ಒಂದು ಸುದ್ದಿ ಕೊಟ್ಟಿದ್ದರು. ಕೊಡಗಿನ ಬಡವರಿಗೆ ಹೊಸ ಬಗೆಯ ಅಲ್ಟ್ರಾಸೌಂಡ್ ಎಂದು ದೊಡ್ಡಕ್ಷರದಲ್ಲಿ, ಅವರ ಫೋಟೋದೊಂದಿಗೆ ಅದು ಅಚ್ಚಾಯಿತು. ಆ ವಾರವೇ ತಪಾಸಣೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿಳಿದರು. ಅಲ್ಟ್ರಾಸೌಂಡ್ ಯಂತ್ರ ಎಂದರೆ ನೋಂದಣಿ ಆಗಿರಬೇಕು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ನೋಡಿ ಹೆಣ್ಣನ್ನು ಕೊಲ್ಲುವುದನ್ನು ತಡೆಯಲು ಇರುವ ಕಾನೂನು ಅದು. ಆ ಕಾನೂನಿನ ಬಗ್ಗೆ ನಾನು ಹಗುರವಾಗಿ ಮಾತನಾಡುವವಳಲ್ಲ. ಸೋಮವಾರಪೇಟೆಯ ಕಡೆಯ ಒಂದು ಮನೆಯಲ್ಲಿ ಮೂರನೆಯ ಹೆಣ್ಣಾಗಿ ಹುಟ್ಟಿದವಳು ನಾನು. ಯಂತ್ರ ಬೆಂಗಳೂರು ಬಿಡುವ ಮೊದಲೇ, ಇದನ್ನು ನೋಂದಾಯಿಸಬೇಕೇ ಎಂದು ವಿಚಾರಿಸಿ ಎಂದು ಪ್ರೊಫೆಸರರನ್ನು ಎರಡು ಸಲ ಕೇಳಿದ್ದೆ. "ಪ್ರಯೋಗದ ಯಂತ್ರಕ್ಕೆ ಅದೆಲ್ಲ ಬೇಕಾಗೋದಿಲ್ಲ," ಎಂದು ಕೈ ಬೀಸಿದ್ದರು.

ಅಧಿಕಾರಿ ಕೆಟ್ಟವರಾಗಿರಲಿಲ್ಲ. ಹೆದರಿದವರಾಗಿದ್ದರು. ನಾನು ಯಂತ್ರ ಚಾಲೂ ಮಾಡಿ ತೋರಿಸುತ್ತೇನೆ ಎಂದರೆ ಬೇಡವೆಂದರು.

"ಸಾರ್, ಇದು ಬಾಯೊಳಗೆ ಇಷ್ಟೇ ಇಷ್ಟು ಆಳ ನೋಡೋದು. ಹೊಟ್ಟೆಯ ಮೇಲಿಟ್ಟರೆ ಗರ್ಭದವರೆಗೆ ತಲುಪೋದೇ ಇಲ್ಲ."

"ಇರಬಹುದಮ್ಮ. ಆದ್ರೆ ಹೆಸರಲ್ಲೇ ಅಲ್ಟ್ರಾಸೌಂಡ್ ಅಂತ ಉಂಟಲ್ಲ."

"ಹೆಸರು ನೋಡಿ ಸೀಲ್ ಮಾಡ್ತೀರಾ? ಯಂತ್ರ ನೋಡಿ."

"ಯಂತ್ರ ನೋಡೂಕೆ ಸಮಿತಿ ಉಂಟು. ಅವ್ರು ಬಂದು ನೋಡ್ತಾರೆ. ಅಲ್ಲೀವರೆಗೆ ನಾನು ನನ್ನ ಕೆಲಸ ಮಾಡ್ಬೇಕು."

ಬಿಳಿ ಬಟ್ಟೆ ತಂದಿದ್ದರು. ಯಂತ್ರಕ್ಕೂ ಕಪಾಟಿಗೂ ಸುತ್ತಿದರು. ಕಪಾಟಿನ ಬಲ್ಬನ್ನು ಆರಿಸಬೇಡಿ, ಆರಿಸಿದರೆ ಒಳಗಿನದೆಲ್ಲ ಬೂಷ್ಟು ಹಿಡಿಯುತ್ತದೆ ಎಂದು ಕೈಮುಗಿದೆ. ಸೀಲಾದ ಯಂತ್ರಕ್ಕೆ ಕರೆಂಟು ಕೊಡುವಂತಿಲ್ಲ ಎಂದರು. ಪ್ಲಗ್ ಕಿತ್ತು, ಅರಗು ಕಾಯಿಸಿ, ಗಂಟುಗಂಟಿಗೂ ಮುದ್ರೆ ಒತ್ತಿದರು.  

ಪ್ರೊಫೆಸರರಿಗೆ ಫೋನ್ ಮಾಡಿದೆ. ಬನ್ನಿ, ನೀವು ಬಂದು ಮಡಿಕೇರಿಯ ಜಿಲ್ಲಾ ಕಚೇರಿಯಲ್ಲಿ ಕೂತು ವಿವರಿಸಿದರೆ ಕೇಳುತ್ತಾರೆ ಎಂದೆ.

"ವೀಣಾ, ನಾನು ಈ ಗಲಾಟೆಯಲ್ಲಿ ಕಾಣಿಸಿಕೊಳ್ಳೋದು ಸಂಸ್ಥೆಗೆ ಒಳ್ಳೇದಲ್ಲ. ಪ್ರಬಂಧಕ್ಕೆ ಬೇಕಾದಷ್ಟು ಚಿತ್ರ ಸಿಕ್ಕಿವೆ ತಾನೆ? ನೀನು ವಾಪಸ್ ಬಂದುಬಿಡು."

"ಇಲ್ಲಿ ಒಬ್ಬರಿಗೆ ಗೆರೆ ಒಡೆಯೋದರಲ್ಲಿದೆ ಸರ್. ಚಿತ್ರ ನೋಡದೆ ಅವರು ಆಪರೇಶನ್ನಿಗೆ ಹೋಗೋದಿಲ್ಲ."

"ಅದು ಡಾಕ್ಟರ ಕೆಲಸ. ನಮ್ಮದಲ್ಲ." ಸ್ವಲ್ಪ ತಡೆದು, "ಶೀರ್ಷಿಕೆಯಲ್ಲಿ ಅಲ್ಟ್ರಾಸೌಂಡ್ ಅನ್ನೋ ಪದ ತೆಗೆದುಬಿಡೋಣ. ಬೆಳಕಿನ ಯಂತ್ರ ಅಂತ ಮಾತ್ರ ಇರಲಿ," ಎಂದರು.

ನಾನು ಫೋನ್ ಇಟ್ಟೆ. ಸಿಟ್ಟಿಗೆ ಕಣ್ಣು ಕತ್ತಲಿಟ್ಟಿತ್ತು. ಪತ್ರಿಕೆಯಲ್ಲಿ ಆ ಪದ ಹಾಕಿಸಿದವರು ಇವರು. ಈಗ ಅದನ್ನು ಪ್ರಬಂಧದಿಂದ ಅಳಿಸಿ ಕೈ ತೊಳೆದುಕೊಳ್ಳುತ್ತಿದ್ದರು.

ಕುಸುಮಕ್ಕ ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಬಟ್ಟೆ ಸುತ್ತಿದ ಯಂತ್ರವನ್ನೂ ಕೆಂಪು ಮುದ್ರೆಗಳನ್ನೂ ನೋಡಿದರು. ವಿಷಯ ಹೇಳಿದೆ. ಯಂತ್ರ ಬೇಡ, ಕಾಯುವುದು ಬೇಡ, ಈಗಲೇ ಮೈಸೂರಿಗೆ ಹೋಗಿ ಎಂದು ನಾನೂ ಡಾಕ್ಟರೂ ಬೇಡಿಕೊಂಡೆವು. ಪೂವಯ್ಯನವರು, "ನನ್ನ ಕಣ್ಣಿಗೆ ಕಾಣ್ತಾ ಉಂಟು ಕುಸುಮ, ಮಿಷಿನ್ ಎಂಥಕ್ಕೆ?" ಎಂದರು.

"ನನ್ನ ಅಕ್ಕನ ಡಾಕ್ಟ್ರ ಕಣ್ಣಿಗೂ ಕಂಡಿತ್ತು," ಎಂದರು ಕುಸುಮಕ್ಕ. "ನಂಗೆ ಕಾಣ್ಬೇಕು. ಗೆರೆ ನೋಡಿ ಹೋಗೋದು ಅಂತ ಮಾತಾಗಿದೆ. ತೋರಿಸ್ತೇನೆ ಅಂತ ಹೇಳಿದ್ದು ತಂಗಿ ನೀನೇ. ಇದನ್ನ ಬಿಚ್ಚಿಸಿ, ತೋರಿಸು, ಹೋಗ್ತೇನೆ."

ಅವರ ಹಟದ ಮೇಲೂ ನನಗೆ ಸಿಟ್ಟು ಬಂತು. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಜೀವಮಾನವಿಡೀ ಬೇರೆಯವರು ಹೇಳಿದ್ದನ್ನು ನಂಬಿ ನಡೆ ಎಂದೇ ಕೇಳಿಸಿಕೊಂಡ ಹೆಂಗಸಿಗೆ ಒಮ್ಮೆ ತನ್ನ ಮೈಯೊಳಗನ್ನು ತಾನೇ ನೋಡಿ ತೀರ್ಮಾನಿಸುವ ಅವಕಾಶ ಸಿಕ್ಕಿತ್ತು. ಅದನ್ನು ಅವರು ಬಿಟ್ಟುಕೊಡಲು ಸಿದ್ಧರಿರಲಿಲ್ಲ.

ಮಡಿಕೇರಿಗೆ ನಾನು ಎಷ್ಟು ಸಲ ಹೋದೆನೋ ನೆನಪಿಲ್ಲ. ಜುಲೈ ಕಳೆದು ಆಗಸ್ಟ್ ಬಂದಿತ್ತು. ಮಳೆ ಬಿಡುವೇ ಕೊಡಲಿಲ್ಲ. ಮಾದಾಪುರದ ಕಡೆ ರಸ್ತೆ ಕುಸಿಯಿತು ಎಂದು ಒಮ್ಮೆ ಸಮಿತಿಯ ಸಭೆ ಮುಂದಕ್ಕೆ ಹೋಯಿತು. ಇನ್ನೊಮ್ಮೆ ಯಾರೋ ದೊಡ್ಡವರು ಬರುತ್ತಾರೆಂದು ಮುಂದಕ್ಕೆ ಹೋಯಿತು. ಮತ್ತೊಮ್ಮೆ ಕಾರಣವೇ ಇಲ್ಲದೆ ಹೋಯಿತು. ಆ ಕಚೇರಿಯ ಬೆಂಚಿನ ಮೇಲೆ ಒದ್ದೆ ಚಪ್ಪಲಿಯಲ್ಲಿ ಕೂತು ನಾನು ನೋಡಿದ್ದು, ಅಲ್ಲಿ ಯಾರಿಗೂ ಯಾವುದರ ಮೇಲೂ ದ್ವೇಷವಿಲ್ಲ ಎಂಬುದನ್ನು. ನನ್ನನ್ನು ಕಂಡರೆ ಟೀ ಕೊಡುತ್ತಿದ್ದರು. ಛತ್ರಿ ಒಣಗಿಸಲು ಜಾಗ ತೋರಿಸುತ್ತಿದ್ದರು. ಕೆಲಸ ಮಾತ್ರ ಆಗುತ್ತಿರಲಿಲ್ಲ. ಜಗಳವಾಡುವವರ ಜೊತೆ ಜಗಳವಾಡಬಹುದು. ಟೀ ಕೊಡುವವರ ಜೊತೆ ಏನು ಮಾಡುವುದು?

ಒಂದು ದಿನ ಕುಸುಮಕ್ಕ ತಾನೂ ಬರುತ್ತೇನೆ ಎಂದರು. ಅಷ್ಟರಲ್ಲಿ ನೋವು ಶುರುವಾಗಿತ್ತು. ಖಾರ ಬಿಟ್ಟು ಗಂಜಿ ಕುಡಿಯುತ್ತಿದ್ದರು. ಬಸ್ಸಿನಲ್ಲಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ನಂಗೆ ಎಂಥದೂ ಆಗಿಲ್ಲೆ, ಸುಮ್ನೆ ಕೂರು," ಎಂದು ಗದರಿಸಿದರು.

ಆ ಅಧಿಕಾರಿಯ ಮೇಜಿನ ಮುಂದೆ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಬೆಳಗಿನ ಮಸ್ಟರಿನಲ್ಲಿ ಹಾಜರಿ ಹಿಡಿಯಲು ನಿಲ್ಲುವಂತೆ ನಿಂತರು.

"ಸಾರ್, ನಂಗೆ ಐವತ್ತು ಆಗ್ತಾ ಬಂತು. ಗರ್ಭಕೋಶ ತೆಗೆದು ಎಷ್ಟೋ ವರ್ಷ ಆಯ್ತು. ಈ ಮಿಷಿನ್ ಇವಳು ಇಡೂದು ನನ್ನ ಬಾಯಿಗೆ. ನನ್ನ ನಾಲಿಗೆಯಲ್ಲಿ ಗಂಡು ಉಂಟಾ ಹೆಣ್ಣು ಉಂಟಾ ಅಂತ ಯಾರು ನೋಡ್ತಾರೆ?"

ಪಕ್ಕದ ಮೇಜಿನವರು ನಕ್ಕರು. ಅಧಿಕಾರಿ ನಗಲಿಲ್ಲ, ತಲೆ ತಗ್ಗಿಸಿದರು.

"ನನ್ನ ಕೈಲಿಲ್ಲಮ್ಮ. ಸಮಿತಿ ಕೂತ ದಿನ ಮೊದಲು ನಿಮ್ಮದೇ ತೆಗೆಸ್ತೇನೆ."

"ಹಂಗಾದ್ರೆ ಒಂದು ಮಾಡಿ. ಈ ಹುಣ್ಣಿಗೂ ಒಂದು ಸೀಲ್ ಹಾಕಿ. ಸಮಿತಿ ಕೂರೂವರೆಗೆ ಅದೂ ಸುಮ್ನೆ ಇರ್ಲಿ."

 ಕುಸುಮಕ್ಕ ದನಿ ಏರಿಸಿರಲಿಲ್ಲ. ಆದರೆ ಹೊರಗೆ ಬಂದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಾಗ ಅದರಲ್ಲಿ ರಕ್ತದ ಕಲೆ ಕಂಡಿತು.  ಮರಳುವ ದಾರಿಯುದ್ದಕ್ಕೂ ನಾನು ಬಸ್ಸಿನ ಕಿಟಕಿಯ ಕಂಬಿಯನ್ನು ಕೈ ನೋಯುವಷ್ಟು ಬಿಗಿಯಾಗಿ ಹಿಡಿದು ಕೂತಿದ್ದೆ.

ಸಮಿತಿ ಬಂದದ್ದು ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ. ಬಂದವರಲ್ಲಿ ಒಬ್ಬರು ಹೆರಿಗೆ ಡಾಕ್ಟರು, ವಯಸ್ಸಾದ ಹೆಂಗಸು. ಸೀಲು ಬಿಚ್ಚಿಸಿ, "ಚಾಲೂ ಮಾಡಿ ನೋಡೋಣ," ಎಂದರು. ಯಂತ್ರ ಏಳಲಿಲ್ಲ. ಕಪಾಟಿನ ಬಾಗಿಲು ತೆಗೆದರೆ ಒಳಗಿನಿಂದ ಬೂಷ್ಟಿನ ಗಬ್ಬು ಬಂತು. ಮಸೂರಗಳ ಮೇಲೆ ಜೇಡರ ಬಲೆಯಂತೆ ಬಿಳಿ ಎಳೆಗಳು ಹಬ್ಬಿದ್ದವು. ಬಿಸಿ ಇಲ್ಲದೆ ಎಲ್ಲ ಕಡ್ಡಿಗಳ ಪೊರೆಯೂ ಉಬ್ಬಿತ್ತು. ಒಂದೇ ಒಂದು ಕಡ್ಡಿ ಗಾಳಿಯಾಡದ ಡಬ್ಬಿಯಲ್ಲಿದ್ದುದರಿಂದ ಉಳಿದಿತ್ತು. ಮಸೂರಗಳನ್ನು ಒರೆಸಿ, ಲೇಸರಿಗೆ ಜೀವ ಬರಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಆಕೆ ಹೊರಡದೆ ಕಾದರು. ಕಡೆಗೆ ಕಡ್ಡಿಯನ್ನು ತಮ್ಮ ಅಂಗೈಗೇ ಹಿಡಿದು ಪರದೆ ನೋಡಿದರು.

"ಇಷ್ಟೇನಾ ಆಳ?"

"ಇಷ್ಟೇ ಮೇಡಂ."

"ಇದರಲ್ಲಿ ಭ್ರೂಣ ನೋಡ್ತಾರೆ ಅಂತ ಯಾರು ಹೇಳಿದ್ದು?"

 ಆಕೆ ಅಲ್ಲೇ ನಿಂತು ಸೀಲು ತೆರವಿನ ಕಾಗದಕ್ಕೂ ನೋಂದಣಿಯ ಶಿಫಾರಸಿಗೂ ಸಹಿ ಹಾಕಿದರು. ನನ್ನ ಕಡೆ ತಿರುಗಿ, "ಮೊದಲೇ ನೋಂದಾಯಿಸಿದ್ರೆ ಇದಾಗ್ತಿರಲಿಲ್ಲ ಅಲ್ವಾ? ನಿಮ್ಮ ಸಂಸ್ಥೆಯವರಿಗೆ ಅಷ್ಟೂ ಪುರುಸೊತ್ತಿರಲಿಲ್ವಾ?" ಎಂದರು. ಅವರ ದನಿಯಲ್ಲೂ ಸಿಟ್ಟಿತ್ತು. ಆ ಮಳೆಗಾಲದಲ್ಲಿ ನನ್ನ ಹಾಗೇ ಸಿಟ್ಟಾದ ಸರ್ಕಾರದ ಕಡೆಯವರೊಬ್ಬರನ್ನು ಕೊನೆಗೂ ಕಂಡೆ ಎಂದು ನನಗೆ ಅಳು ಬಂತು.

ಮರುದಿನ ಬೆಳ್ಯಪ್ಪ ಕುಸುಮಕ್ಕನನ್ನು ಜೀಪಿನಲ್ಲಿ ಕರೆತಂದ. ಕಡ್ಡಿ ತಾಗಿಸಿದಾಗ ನೋವಿಗೆ ಅವರ ಕಾಲಬೆರಳು ಮುದುಡಿಕೊಂಡವು. ಪರದೆಯ ಮೇಲೆ ಚಿತ್ರ ಮೂಡಿತು. ಮೇಲಿನ ಕಪ್ಪು, ಕೆಳಗಿನ ಮಾಂಸದೊಳಕ್ಕೆ ಸೀದಾ ಇಳಿದಿತ್ತು. ನಡುವೆ ಗೆರೆ ಇರಲಿಲ್ಲ. ಎಡದಲ್ಲಿ ಅದರ ಸ್ವಲ್ಪ ತುಣುಕು, ಬಲದಲ್ಲಿ ಸ್ವಲ್ಪ. ನಡುವೆ ಕೆರೆಯ ಏರಿ ಕೊಚ್ಚಿಹೋದ ಹಾಗೆ ಬಯಲು. ನಾನು ಬೆರಳಿಟ್ಟು ತೋರಿಸಬೇಕಾಗಿ ಬರಲಿಲ್ಲ.

"ಹೋಯ್ತಲ್ಲ," ಎಂದರು ಕುಸುಮಕ್ಕ. ಆಮೇಲೆ ಗಂಡನ ಕಡೆ ನೋಡಿ, "ನಾಳೆ ಮೈಸೂರಿಗೆ ಹೋಕು," ಎಂದರು. ಅಷ್ಟೇ. ಮಾತು ಅಂದರೆ ಮಾತು.

ಮೈಸೂರಿನ ಆಸ್ಪತ್ರೆಯಲ್ಲಿ ನಾಲಿಗೆಯ ದೊಡ್ಡ ಭಾಗ ತೆಗೆದರು. ಕುತ್ತಿಗೆ ಸೀಳಿ ಗಂಟುಗಳನ್ನು ತೆಗೆದರು. ಆಮೇಲೆ ವಿಕಿರಣ. ಅವರು ಬದುಕಿಕೊಂಡರು. ಜೂನಿನಲ್ಲಾದರೆ ಉಗುರಿನಷ್ಟು, ಜುಲೈ ಕೊನೆಯಲ್ಲಾದರೂ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಹೋಗುತ್ತಿತ್ತು ಎಂದು ಅಲ್ಲಿನ ಸರ್ಜನ್ ನಮ್ಮ ಚಿತ್ರಗಳನ್ನು ಸಾಲಾಗಿ ನೋಡಿ ಹೇಳಿದರು. ಪೂವಯ್ಯನವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಡೀ ಜಗತ್ತನ್ನು ಕೊಡವ ತಕ್ಕ್‌ನಲ್ಲಿ ಬೈದರು. ನನಗೆ ಅರ್ಧ ಅರ್ಥವಾಯಿತು. ಅಷ್ಟೇ ಸಾಕಾಗಿತ್ತು.

ಬೆಂಗಳೂರಿನಲ್ಲಿ ಪ್ರಬಂಧ ತಯಾರಾಗಿ ಕೂತಿತ್ತು. ಕುಸುಮಕ್ಕನ ಎರಡು ಚಿತ್ರಗಳು ಅದರ ಜೀವಾಳ. ಗೆರೆ ಇದ್ದಾಗ ಒಂದು, ಒಡೆದ ಮೇಲೆ ಒಂದು. ಬೆಳಕಿನ ವಿಧಾನದಿಂದ ಇಷ್ಟು ಸೂಕ್ಷ್ಮ ಬದಲಾವಣೆಯನ್ನು ರೋಗಿಯಲ್ಲಿ ಹಿಂಬಾಲಿಸಿದ್ದು ನಾವೇ ಮೊದಲು ಎಂದು ಪ್ರೊಫೆಸರ್ ಸಂಭ್ರಮದಲ್ಲಿದ್ದರು. ಕುಸುಮಕ್ಕನ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆಯಿತ್ತು. ಅದು ನಿಯಮ, ಸರಿ. ಆದರೆ ಎರಡು ಚಿತ್ರಗಳ ನಡುವೆ ಯಂತ್ರ ಯಾಕೆ ಸುಮ್ಮನಿತ್ತು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಅದನ್ನೂ ಬರೆಯಬೇಕು ಸರ್. ಯಂತ್ರಕ್ಕೆ ನೋಂದಣಿ ಇರಲಿಲ್ಲ, ಅದಕ್ಕೇ ಈ ಚಿತ್ರ ಹೀಗಿದೆ ಅಂತ."

"ಅದು ವಿಜ್ಞಾನ ಅಲ್ಲ ವೀಣಾ."

"ಈ ಚಿತ್ರ ಇರೋದೇ ಅದರಿಂದ. ಆ ಸಾಲು ಇಲ್ಲದಿದ್ದರೆ ನಾವು ಕೈಕಟ್ಟಿ ಕೂತು ಒಬ್ಬರ ನಾಲಿಗೆ ಹೋಗೋದನ್ನ ನೋಡ್ತಾ ಇದ್ದೆವು ಅಂತ ಆಗುತ್ತೆ."

"ನಿನಗೆ ಈಗ ಬೇಜಾರಾಗಿದೆ. ಎರಡು ದಿನ ರಜೆ ತಗೋ."

ನಾನು ನನ್ನ ಹೆಸರನ್ನು ಆ ಪ್ರಬಂಧದಿಂದ ತೆಗೆಸಿದೆ. ಸಂಸ್ಥೆಯನ್ನೂ ಬಿಟ್ಟೆ. ನಾನು ಕಟ್ಟಿದ ಕಡ್ಡಿ, ನಾನು ಹೊಂದಿಸಿದ ಲೇಸರು, ನಾನು ತೆಗೆದ ಚಿತ್ರ, ಎಲ್ಲ ಬೇರೆಯವರ ಹೆಸರಿನಲ್ಲಿ ಅಚ್ಚಾದವು. ಅದಕ್ಕೆ ಬಹುಮಾನವೂ ಬಂತೆಂದು ಕೇಳಿದೆ. ಪಶ್ಚಾತ್ತಾಪವಿಲ್ಲ. ಯೋಜನೆಯ ಅವಧಿ ಮುಗಿಯಿತೆಂದು ಯಂತ್ರವನ್ನು ಲಾರಿಯಲ್ಲಿ ಹೊತ್ತೊಯ್ದರು. ಆ ಹೆರಿಗೆ ಡಾಕ್ಟರು ಶಿಫಾರಸು ಮಾಡಿದ ನೋಂದಣಿಯ ಹಾಳೆ ಅದಾದ ಮೇಲೆ ಬಂತು. ಪೂವಯ್ಯನವರು ಅದಕ್ಕೆ ಗಾಜು ಹಾಕಿಸಿ ಹಿಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದರು. ಈಗ ಆ ಕೋಣೆಗೆ ನೋಂದಣಿ ಇದೆ. ಯಂತ್ರವಿಲ್ಲ. ಬಾಯಿಯಲ್ಲಿ ಮಚ್ಚೆ ಇಟ್ಟುಕೊಂಡು ಬರುವವರು ನಿಂತಿಲ್ಲ.

ಈ ರಜೆಯಲ್ಲಿ ಗೋಣಿಕೊಪ್ಪಲಿಗೆ ಹೋಗಿದ್ದೆ. ಜೀಪು ಹಿಡಿದು ಎಸ್ಟೇಟಿಗೂ ಹೋದೆ. ಕುಸುಮಕ್ಕ ಈಗ ರೈಟರ್ ಅಲ್ಲ. ಹೆಸರು ಕೂಗಿದರೆ ಅಸ್ಸಾಮಿನ ಹುಡುಗರಿಗೆ ತಿಳಿಯುವುದಿಲ್ಲವೆಂದು ಆ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಅವರು ಶೆಡ್ಡಿನಲ್ಲಿ ಕೂತು ಕಾಳುಮೆಣಸು ಹಸನು ಮಾಡುತ್ತಿದ್ದರು. ಕುತ್ತಿಗೆಯ ಎಡಕ್ಕೆ ಉದ್ದನೆಯ ಗಾಯದ ಗುರುತು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡರು.

ಅವರು ಏನೋ ಹೇಳಿದರು. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದರು. ಕೆಲವು ಅಕ್ಷರಗಳು ಅವರಿಗೆ ಈಗ ಬರುವುದೇ ಇಲ್ಲ. ಮಿಕ್ಕವು ಗಂಟಲಲ್ಲೇ ಉರುಳಿ ಒದ್ದೆಯಾಗಿ ಹೊರಗೆ ಬರುತ್ತವೆ. ಬೆಳ್ಯಪ್ಪ ಪಕ್ಕದಲ್ಲಿ ನಿಂತು, "ಊಟ ಆಯ್ತಾ ಅಂತ ಕೇಳ್ತಾ ಉಂಟು," ಎಂದ. ಆಮೇಲೆ, "ಮೈಸೂರಲ್ಲಿ ಮಳೆ ಬಂತಾ ಅಂತ." ಐದಾರು ಭಾಷೆ ಆಡುತ್ತಿದ್ದವರ ಮಾತಿಗೆ ಒಬ್ಬ ದುಭಾಷಿ ನಿಂತಿದ್ದ. ನಾನು ತಲೆಯಾಡಿಸುತ್ತಾ, ನಗುತ್ತಾ, ಒಳಗೆ ಕುದಿಯುತ್ತಾ ಕೂತಿದ್ದೆ.

ಬೆಳ್ಯಪ್ಪ ಕಾಫಿ ತರಲು ಒಳಗೆ ಹೋದ. ಕುಸುಮಕ್ಕ ತೋರುಬೆರಳನ್ನು ಪೆನ್ನಿನಂತೆ ಬಾಯ ಹತ್ತಿರ ಹಿಡಿದು, ಊರಿನ ಕಡೆ ಕೈ ತೋರಿಸಿ, ಹುಬ್ಬು ಏರಿಸಿದರು. ಯಂತ್ರ ಡಾಕ್ಟರ ಹತ್ತಿರ ವಾಪಸ್ ಬಂತಾ ಎಂದು ಕೇಳುತ್ತಿದ್ದರು.

"ಇಲ್ಲ ಕುಸುಮಕ್ಕ. ಬೆಂಗಳೂರಲ್ಲೇ ಇದೆ," ಎಂದೆ.

ಅವರು ನನ್ನ ಕೈ ಬಿಟ್ಟರು. ಮೆಣಸಿನ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, ನನ್ನ ಮುಖ ನೋಡದೆ ಒಂದು ಮಾತು ಹೇಳಿದರು.

"ಮತ್ತೆ ನೀ ಎಂಥಕ್ಕೆ ಬಂದದ್ದು?"

ಪಕ್ಕದಲ್ಲಿ ಬೆಳ್ಯಪ್ಪ ಇರಲಿಲ್ಲ. ಆ ಮಾತು ನನಗೆ ಮೊದಲ ಸಲಕ್ಕೇ ಅರ್ಥವಾಯಿತು.